ಸ್ವಾರಸ್ಯ ಬರೆಯಲು ಕಲಿಸುವುದು: ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸಾಹಿತ್ಯ ವಿಶ್ಲೇಷಣೆ ಮತ್ತು ಅಭ್ಯಾಸ ಕ್ರಮ

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭ ಬರೆದು ಸ್ವಾರಸ್ಯ ವಿವರಿಸಬೇಕಾದ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಒಂದು ಸಂಗತಿ ತಕ್ಷಣ ಗಮನಕ್ಕೆ ಬರುತ್ತದೆ. ಪಾಠದ ಹೆಸರು, ಕವಿಯ ಹೆಸರು, ಯಾರು ಯಾರಿಗೆ ಹೇಳಿದರು ಎಂಬ ವಿವರಗಳೆಲ್ಲ ಸರಿಯಾಗಿರುತ್ತವೆ. ಸ್ವಾರಸ್ಯದ ಸಾಲಿಗೆ ಬಂದಾಗ ಮಾತ್ರ ಇಡೀ ತರಗತಿ "ಕವಿಯ ಭಾವನೆ ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ" ಎಂಬ ಒಂದೇ ವಾಕ್ಯವನ್ನು ಬರೆದಿರುತ್ತದೆ. ಆ ವಾಕ್ಯ ಎಲ್ಲ ಪದ್ಯಗಳಿಗೂ ಹೊಂದುವುದರಿಂದ ಯಾವ ಪದ್ಯದ ಬಗೆಗೂ ಏನನ್ನೂ ಹೇಳುವುದಿಲ್ಲ. ಮಕ್ಕಳಿಗೆ ಬುದ್ಧಿ ಇಲ್ಲವೆಂದೋ ಆಸಕ್ತಿ ಇಲ್ಲವೆಂದೋ ಹೀಗಾಗುತ್ತಿಲ್ಲ. ಸ್ವಾರಸ್ಯವನ್ನು ಹುಡುಕುವುದು ಹೇಗೆಂದು ಯಾರೂ ಅವರಿಗೆ ಕೈಹಿಡಿದು ತೋರಿಸಿಲ್ಲ. ಗೈಡಿನಲ್ಲಿ ಇದ್ದ ವಾಕ್ಯವನ್ನು ಅವರು ನಂಬಿದ್ದಾರೆ.

ಈ ಮಾರ್ಗದರ್ಶಿಯನ್ನು ಮಲೆನಾಡಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮತ್ತು ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಕನ್ನಡ ಕಲಿಸುವವರನ್ನೂ ಮನೆಯಲ್ಲಿ ಮಕ್ಕಳನ್ನು ಓದಲು ಕೂರಿಸುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಇದರ ಸಾರವೆಲ್ಲ ಎರಡು ಅಭ್ಯಾಸಗಳಲ್ಲಿದೆ. ಪುಸ್ತಕ ತೆರೆದಿರುವಾಗ ಮಗು ತಾನು ಹೇಳುವ ಪ್ರತಿ ಮಾತಿಗೂ ಪಠ್ಯದ ಒಂದು ಸಾಲನ್ನು ಬೆರಳಿಟ್ಟು ತೋರಿಸಬೇಕು. ಪುಸ್ತಕ ಮುಚ್ಚಿರುವಾಗ ಓದಿದ್ದನ್ನು ನೆನಪಿನಿಂದ ಹೊರತೆಗೆದು ಬರೆಯಬೇಕು. ಮೊದಲನೆಯದು ಸಾಹಿತ್ಯ ವಿಶ್ಲೇಷಣೆ, ಎರಡನೆಯದು ಅಧ್ಯಯನ. ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಇವು ತಲೆಕೆಳಗಾಗಿವೆ: ಅರ್ಥ ಹೇಳುವಾಗ ಪುಸ್ತಕದಿಂದ ಕಣ್ಣೆತ್ತಿ ಮಾತನಾಡುತ್ತೇವೆ, ಪರೀಕ್ಷೆಗೆ ಓದುವಾಗ ಪುಸ್ತಕದಿಂದ ಕಣ್ಣು ತೆಗೆಯುವುದೇ ಇಲ್ಲ.

ಮೊದಲ ಹಂತ: ಪಠ್ಯದ ಆಯ್ಕೆ ಮತ್ತು ಶಿಕ್ಷಕರ ಸಿದ್ಧತೆ

ವಿಶ್ಲೇಷಣೆಯನ್ನು ಕಲಿಸಲು ಆರಂಭಿಸುವಾಗ ಪಠ್ಯ ಚಿಕ್ಕದಾಗಿರಬೇಕು. ಇಡೀ ಪಠ್ಯ ಕಪ್ಪುಹಲಗೆಯ ಮೇಲೆ ಒಮ್ಮೆಗೇ ಹಿಡಿಸಬೇಕು. ಮಗು ಪುಟ ತಿರುಗಿಸಬೇಕಾಗಿ ಬಂದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಇರುವ ಸಂಬಂಧ ಅದರ ಕಣ್ಣಿಗೆ ಬೀಳುವುದಿಲ್ಲ. ಈ ಕಾರಣಕ್ಕೆ ವಚನಗಳು ಬಹಳ ಅನುಕೂಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳಾದ, ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಒಂದು ವಚನವನ್ನು ಇಲ್ಲಿ ಉದ್ದಕ್ಕೂ ಬಳಸಿಕೊಳ್ಳುತ್ತೇನೆ:

ಬೆಟ್ಟದ ಮೇಲೊಂದು ಮನೆಯ ಮಾಡಿ, ಮೃಗಗಳಿಗೆ ಅಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ, ನೊರೆ ತೆರೆಗಳಿಗೆ ಅಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ, ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.

ಪಾಠಕ್ಕೆ ಹೋಗುವ ಮುನ್ನ ಶಿಕ್ಷಕರು ತಾವೇ ಒಂಟಿಯಾಗಿ ಇದನ್ನು ನಾಲ್ಕೈದು ಸಲ ಓದಿ, ತಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನಾದರೂ ಬರೆದಿಟ್ಟುಕೊಳ್ಳಬೇಕು. ನನಗೆ ಇಲ್ಲಿ ಬಿಡದೆ ಕಾಡುವ ಪ್ರಶ್ನೆ ಇದು: ನಿಂದೆ ಬಂದಾಗ ಕೋಪ ಬರುವುದು ಸಹಜ, ಆದರೆ ಸ್ತುತಿ ಬಂದಾಗ ಕೋಪವನ್ನೇಕೆ ತಡೆಯಬೇಕು? ಶಿಕ್ಷಕರ ಬಳಿ ಇಂಥ ಜೀವಂತ ಪ್ರಶ್ನೆ ಒಂದಿದ್ದರೆ ಮಕ್ಕಳು ಅದನ್ನು ಗುರುತಿಸುತ್ತಾರೆ. ಎಲ್ಲ ಉತ್ತರಗಳೂ ಮೊದಲೇ ಸಿದ್ಧವಾಗಿರುವ ತರಗತಿಯಲ್ಲಿ ಅವರು ಶಿಕ್ಷಕರ ಮನಸ್ಸಿನಲ್ಲಿರುವ ಉತ್ತರವನ್ನು ಊಹಿಸುವ ಆಟಕ್ಕೆ ಇಳಿಯುತ್ತಾರೆ.

ಎರಡನೆಯ ಹಂತ: ಗಟ್ಟಿಯಾಗಿ ಓದುವುದು

ಕವಿ ಪರಿಚಯದಿಂದ ಪಾಠ ಆರಂಭಿಸುವ ರೂಢಿಯನ್ನು ಇಲ್ಲಿ ಬದಿಗಿಡಿ. ಹುಟ್ಟಿದ ಊರು, ಕಾಲ, ಅಂಕಿತ ಇವೆಲ್ಲ ಬೇಕು, ಆದರೆ ಪದ್ಯವನ್ನು ಕೇಳಿದ ಮೇಲೆ. ಮೊದಲ ಓದು ಶಿಕ್ಷಕರದು. ಮಕ್ಕಳು ಪುಸ್ತಕ ನೋಡದೆ ಕೇವಲ ಕೇಳುತ್ತಾರೆ. ಎರಡನೆಯ ಓದಿಗೆ ವಚನವನ್ನು ಕಪ್ಪುಹಲಗೆಯ ಮೇಲೆ ಬರೆದು, ಪದಗಳನ್ನು ಬಿಡಿಸಿ ಓದಬೇಕು. "ಅಂಜಿದಡೆಂತಯ್ಯಾ" ಎಂಬುದು ಆರನೇ ತರಗತಿಯ ಮಗುವಿಗೆ ಒಂದೇ ಉದ್ದದ ಶಬ್ದವಾಗಿ ಕಾಣುತ್ತದೆ. ಅಂಜಿದಡೆ, ಎಂತು, ಅಯ್ಯಾ ಎಂದು ಬಿಡಿಸಿದ ಕೂಡಲೇ "ಹೆದರಿದರೆ ಹೇಗಪ್ಪಾ" ಎಂಬ ಮನೆಯ ಮಾತು ಅದರ ಕಿವಿಗೆ ಬೀಳುತ್ತದೆ. ಮೂರನೆಯ ಓದು ಮಕ್ಕಳದು, ಒಬ್ಬೊಬ್ಬರು ಒಂದೊಂದು ಸಾಲು.

ಈ ಹಂತಕ್ಕೆ ಶಿವಮೊಗ್ಗದ ಆಸುಪಾಸಿನಲ್ಲಿ ನಮಗೆ ದೊಡ್ಡ ಪರಂಪರೆಯೊಂದು ದೊರಕಿದೆ. ತುಂಗೆಯ ದಡದ ಹೊಸಹಳ್ಳಿ ಗಮಕ ಕಲೆಗೆ ಹೆಸರಾದ ಊರು; ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ಅರ್ಥ ಕೆಡದಂತೆ ಪದ ಬಿಡಿಸಿ ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಇದನ್ನೇ ತರಗತಿಗೆ ಇಳಿಸಬಹುದು. ಇಬ್ಬಿಬ್ಬರು ಮಕ್ಕಳ ಜೋಡಿ ಮಾಡಿ, ಒಬ್ಬರು ಒಂದು ಸಾಲನ್ನು ಓದಿದ ಮೇಲೆ ಇನ್ನೊಬ್ಬರು ಆ ಸಾಲಿನ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳಲಿ, ನಂತರ ಪಾತ್ರ ಬದಲಾಗಲಿ. ರಾಗ ಬರದಿದ್ದರೆ ಚಿಂತೆಯಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂದು ಮಗು ತೀರ್ಮಾನಿಸುವ ಕ್ಷಣದಲ್ಲೇ ವಿಶ್ಲೇಷಣೆ ಆರಂಭವಾಗಿರುತ್ತದೆ.

ವ್ಯಾಖ್ಯಾನ ಹೇಳುವಾಗ ಮಕ್ಕಳು ಮನೆಯ ಮಾತಿನಲ್ಲಿ ಹೇಳಿದರೆ ತಡೆಯಬೇಡಿ. ನಮ್ಮ ತರಗತಿಗಳಲ್ಲಿ ಹವ್ಯಕ ಕನ್ನಡ ಆಡುವವರು, ಮನೆಯಲ್ಲಿ ಉರ್ದು, ತುಳು, ಕೊಂಕಣಿ ಅಥವಾ ಲಂಬಾಣಿ ಆಡುವವರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಗ್ರಾಂಥಿಕ ಕನ್ನಡದಲ್ಲಿಯೇ ಹೇಳಬೇಕೆಂದು ಒತ್ತಾಯಿಸಿದರೆ ಅರ್ಥವಾದ ಮಗುವೂ ಸುಮ್ಮನಾಗುತ್ತದೆ. ಬರೆಯುವ ಹಂತ ಬಂದಾಗ ಭಾಷೆಯನ್ನು ತಿದ್ದಲು ಬೇಕಾದಷ್ಟು ಅವಕಾಶ ಇದೆ.

ಮೂರನೆಯ ಹಂತ: ಕಂಡದ್ದನ್ನು ಹೇಳುವುದು, ಅರ್ಥವನ್ನು ತಡೆಹಿಡಿಯುವುದು

ಇಡೀ ಕ್ರಮದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು, ಹೆಚ್ಚು ಫಲ ಕೊಡುವುದೂ ಇದೇ. "ಈ ವಚನದ ಸಂದೇಶವೇನು?" ಎಂದು ಕೇಳಬಾರದು. ಹಾಗೆ ಕೇಳಿದರೆ ಮಕ್ಕಳು ನೇರವಾಗಿ ಕೊನೆಯ ಸಾಲಿಗೆ ಹೋಗಿ "ಕೋಪ ಮಾಡಿಕೊಳ್ಳಬಾರದು" ಎಂದು ಹೇಳಿ ಕೈಕಟ್ಟಿ ಕೂರುತ್ತಾರೆ. ಮೇಲಿನ ಮೂರು ಸಾಲುಗಳು ಇದ್ದರೂ ಇಲ್ಲದಿದ್ದರೂ ಆ ಉತ್ತರ ಬದಲಾಗುವುದಿಲ್ಲ. ಅದರ ಬದಲು "ಇಲ್ಲಿ ನಿಮಗೆ ಏನೇನು ಕಾಣುತ್ತದೆ? ಅರ್ಥ ಬೇಡ, ಕಂಡದ್ದನ್ನು ಮಾತ್ರ ಹೇಳಿ" ಎಂದು ಕೇಳಬೇಕು. ಯಾವ ಮಗು ಏನು ಹೇಳಿದರೂ ಅದನ್ನು ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆಯಿರಿ. "ಮನೆಯ ಮಾಡಿ" ಎಂದು ಮೂರು ಸಲ ಬಂದಿದೆ. ಮೂರು ಪ್ರಶ್ನೆಗಳಿವೆ, ಆಮೇಲೆ ಪ್ರಶ್ನೆ ನಿಲ್ಲುತ್ತದೆ. ಬೆಟ್ಟ, ಸಮುದ್ರ, ಸಂತೆ ಎಂಬ ಮೂರು ಜಾಗಗಳಿವೆ. "ಅಯ್ಯಾ" ಎಂದು ಯಾರನ್ನೋ ಕರೆಯುತ್ತಾಳೆ. ಕೊನೆಯ ಸಾಲಿನಲ್ಲಿ ಮನೆ ಇಲ್ಲ.

ಸಾಮಾನ್ಯವಾಗಿ ಇಷ್ಟರಲ್ಲಿ ತರಗತಿ ಸುಮ್ಮನಾಗುತ್ತದೆ. ಆಗ ಶಿಕ್ಷಕರು ಮುಂದಿನದನ್ನು ಹೇಳಿಬಿಡಬಾರದು. ಒಂದು ನಿಮಿಷ ಕಾಯಬೇಕು. ಬೇಕಿದ್ದರೆ ಒಂದು ಚಿಕ್ಕ ಸುಳಿವು ಕೊಡಬಹುದು: "ಮೂರು ಸಾಲುಗಳೂ ಒಂದೇ ಅಚ್ಚಿನಲ್ಲಿವೆ ಎಂದಿರಿ. ಯಾವ ಸಾಲಿನಲ್ಲಾದರೂ ಅಚ್ಚು ತಪ್ಪಿದೆಯೇ?" ಮಕ್ಕಳು ಮತ್ತೆ ಸಾಲುಗಳ ಮೇಲೆ ಬೆರಳು ಓಡಿಸುತ್ತಾರೆ, ಮತ್ತು ಯಾವುದೋ ಮೂಲೆಯಿಂದ ಉತ್ತರ ಬರುತ್ತದೆ: ಮೊದಲೆರಡರಲ್ಲಿ "ಅಂಜಿದಡೆ" ಇದೆ, ಮೂರನೆಯದರಲ್ಲಿ "ನಾಚಿದಡೆ" ಇದೆ. ತರಗತಿಯಲ್ಲಿ ಹಿಂದೆ ಉಳಿದವರೆಂದು ಎಣಿಸಲ್ಪಟ್ಟ ಮಕ್ಕಳೂ ಈ ಕೆಲಸದಲ್ಲಿ ಮುಂದೆ ಬರುತ್ತಾರೆ. ಇದಕ್ಕೆ ಪೂರ್ವಜ್ಞಾನ ಬೇಕಿಲ್ಲ, ನಿಧಾನವಾಗಿ ನೋಡುವ ಕಣ್ಣು ಸಾಕು.

ನಾಲ್ಕನೆಯ ಹಂತ: ಕಂಡದ್ದಕ್ಕೆ ಕಾರಣ ಕೇಳುವುದು

ಪಟ್ಟಿಯಲ್ಲಿರುವ ಒಂದೆರಡು ಅಂಶಗಳನ್ನು ಮಾತ್ರ ಆರಿಸಿಕೊಂಡು "ಏಕೆ?" ಎಂದು ಕೇಳಿ. ಬೆಟ್ಟದಲ್ಲಿ, ಕಡಲ ದಡದಲ್ಲಿ ಅಂಜಿಕೆ ಇರುವಾಗ ಸಂತೆಯಲ್ಲಿ ನಾಚಿಕೆ ಏಕೆ? ಮೃಗಗಳ ಮುಂದೆ, ಅಲೆಗಳ ಮುಂದೆ ಯಾರಿಗೂ ನಾಚಿಕೆಯಾಗುವುದಿಲ್ಲ. ನಾಚಿಕೆ ಹುಟ್ಟಬೇಕಾದರೆ ನೋಡುವ, ಆಡಿಕೊಳ್ಳುವ ಮನುಷ್ಯರು ಬೇಕು. ಸಂತೆಯಲ್ಲಿರುವುದು ಮನುಷ್ಯರು. ಹಾಗಿದ್ದರೆ ಸಂತೆಯ ಸಾಲು ಮೂರನೆಯದಾಗಿ ಬಂದಿರುವುದೇಕೆ, ಮೊದಲನೆಯದಾಗಿ ಬರಬಹುದಿತ್ತಲ್ಲ? ಅದರ ನಂತರದ ಮಾತು ಸ್ತುತಿನಿಂದೆಗಳದ್ದು, ಅವೂ ಮನುಷ್ಯರ ಬಾಯಿಂದಲೇ ಬರುವಂಥವು. ಕಾಡಿನಿಂದ ಕಡಲಿಗೆ, ಕಡಲಿನಿಂದ ಜನರ ನಡುವಿಗೆ, ಅಲ್ಲಿಂದ ಲೋಕಕ್ಕೆ ವಚನ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡಾಗ ತರಗತಿಯಲ್ಲಿ ಉಂಟಾಗುವ ಸಂತೋಷ ನಿಜವಾದದ್ದು. ಸ್ವಾರಸ್ಯ ಎಂದರೆ ಇದೇ ಎಂದು ಆ ಹೊತ್ತಿನಲ್ಲಿ ಅವರಿಗೆ ಹೇಳಬೇಕು. ಮುಂದೆ ಪ್ರಶ್ನೆಪತ್ರಿಕೆಯಲ್ಲಿ ಆ ಶಬ್ದ ಕಂಡಾಗ ಅವರಿಗೆ ನೆನಪಾಗಬೇಕಾದದ್ದು ಈ ಸಂತೋಷ.

ಸಾಲುಗಳ ಕ್ರಮವನ್ನು ಬದಲಿಸಿ ನೋಡುವುದು ಇಲ್ಲಿ ಒಳ್ಳೆಯ ಉಪಾಯ. ಸಂತೆಯ ಸಾಲನ್ನು ಮೊದಲಿಗೆ ಬರೆದು ಓದಿಸಿ. ಅಥವಾ "ನಾಚಿದಡೆ" ಅಳಿಸಿ "ಅಂಜಿದಡೆ" ಎಂದು ಬರೆದು ಓದಿಸಿ. ಏನು ಕಳೆದುಹೋಯಿತು ಎಂದು ಕೇಳಿ. ಕವಿ ಮಾಡಿದ ಆಯ್ಕೆ ಎಂಥದು ಎಂಬುದು ಅದನ್ನು ತೆಗೆದು ನೋಡಿದಾಗಲೇ ಚೆನ್ನಾಗಿ ತಿಳಿಯುತ್ತದೆ.

ಮಲೆನಾಡಿನ ಮಕ್ಕಳಿಗೆ ಈ ವಚನದ ಮೊದಲ ಸಾಲು ಕಣ್ಣೆದುರಿನ ಬದುಕು. ಗುಡ್ಡದ ಓರೆಯಲ್ಲಿ ಒಂಟಿ ಮನೆ, ರಾತ್ರಿ ಗದ್ದೆಗೆ ಇಳಿಯುವ ಕಾಡುಹಂದಿ, ತೋಟಕ್ಕೆ ನುಗ್ಗುವ ಮಂಗಗಳು, ಇವುಗಳ ಬಗ್ಗೆ ಅವರು ತುಂಬ ಹೇಳುತ್ತಾರೆ, ಹೇಳಬೇಕು ಕೂಡ. ಆದರೆ ಅನುಭವದ ಮಾತು ಪಠ್ಯವನ್ನು ಮರೆಸುವಷ್ಟು ದೂರ ಹೋಗದಂತೆ ನೋಡಿಕೊಳ್ಳುವ ಹೊಣೆ ಶಿಕ್ಷಕರದು. "ನಿಮ್ಮ ಮನೆಯವರು ಮೃಗಗಳಿಗೆ ಹೆದರಿ ಊರು ಬಿಟ್ಟು ಹೋಗಿದ್ದಾರೆಯೇ? ಇಲ್ಲವಾದರೆ ಹೇಗೆ ಇದ್ದಾರೆ? ಅಕ್ಕ ಹೇಳುತ್ತಿರುವುದು ಅದನ್ನೇ ಎಂದು ಯಾವ ಸಾಲಿನಿಂದ ಹೇಳುತ್ತೀರಿ?" ಎಂಬ ಪ್ರಶ್ನೆಗಳು ಅನುಭವದಿಂದ ಮತ್ತೆ ಸಾಲಿಗೆ ಕರೆತರುತ್ತವೆ.

ಸ್ತುತಿಗೆ ಕೋಪವೇಕೆ ಎಂಬ ಪ್ರಶ್ನೆಯನ್ನು ಎಂಟನೇ ತರಗತಿಗೆ ಇಡಬಹುದು. ಹೊಗಳಿಕೆಯೂ ಮನಸ್ಸಿನ ಸಮಾಧಾನವನ್ನು ಕದಡುತ್ತದೆ ಎಂದು ಕೆಲವರು, ನಿಂದೆಯ ಜೊತೆ ಜೋಡಿಪದವಾಗಿ ಸ್ತುತಿ ಬಂದಿದೆ ಎಂದು ಕೆಲವರು ಹೇಳಬಹುದು. "ಸಮಾಧಾನಿ" ಎಂಬ ಪದ ಮೊದಲನೆಯ ಓದಿಗೆ ಹೆಚ್ಚು ಬಲ ಕೊಡುತ್ತದೆ ಎಂದು ನನ್ನ ಅಭಿಪ್ರಾಯ. ಆದರೂ ಎರಡನೆಯದನ್ನು ಕಾರಣ ಸಹಿತ ಹೇಳಿದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು.

ಐದನೆಯ ಹಂತ: ಬರವಣಿಗೆಗೆ ಇಳಿಸುವುದು

ಮಾತಿನಲ್ಲಿ ಚೆನ್ನಾಗಿ ಹೇಳಿದ ಮಗು ಬರೆಯಲು ಕುಳಿತ ತಕ್ಷಣ ಹಳೆಯ ಸಿದ್ಧವಾಕ್ಯಕ್ಕೆ ಮರಳುತ್ತದೆ. ಇದನ್ನು ತಪ್ಪಿಸಲು ಉತ್ತರಕ್ಕೆ ಮೂರು ಭಾಗಗಳ ಒಂದು ಕ್ರಮ ಕೊಡಿ: ಮಾತು, ಸಾಕ್ಷಿ, ವಿವರಣೆ. ನಾನು ಏನು ಹೇಳುತ್ತೇನೆ, ಅದಕ್ಕೆ ಪಠ್ಯದ ಯಾವ ಪದ ಅಥವಾ ಸಾಲು ಆಧಾರ, ಆ ಆಧಾರ ನನ್ನ ಮಾತನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ. ಹೆಚ್ಚಿನ ಮಕ್ಕಳು ಮೊದಲೆರಡನ್ನು ಬೇಗ ಕಲಿಯುತ್ತಾರೆ. ಮೂರನೆಯದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಮಾದರಿಗಳನ್ನು ಪಕ್ಕಪಕ್ಕದಲ್ಲಿ ತೋರಿಸುವುದು ಅಗತ್ಯ.

ದುರ್ಬಲ ಉತ್ತರ ಹೀಗಿರುತ್ತದೆ: "ಈ ವಚನದಲ್ಲಿ ಅಕ್ಕಮಹಾದೇವಿಯು ಕೋಪ ಮಾಡಿಕೊಳ್ಳಬಾರದು ಎಂದು ಸ್ವಾರಸ್ಯಪೂರ್ಣವಾಗಿ ಹೇಳಿದ್ದಾಳೆ." ಇಲ್ಲಿ ಮಾತು ಮಾತ್ರ ಇದೆ. ಸ್ವಲ್ಪ ಮುಂದುವರಿದ ಉತ್ತರ: "ಲೋಕದಲ್ಲಿ ನಿಂದೆ ಸಹಜವೆಂದು ಅಕ್ಕ ಹೇಳುತ್ತಾಳೆ. ಇದಕ್ಕೆ 'ಬೆಟ್ಟದ ಮೇಲೊಂದು ಮನೆಯ ಮಾಡಿ, ಮೃಗಗಳಿಗೆ ಅಂಜಿದಡೆಂತಯ್ಯಾ' ಎಂಬ ಉದಾಹರಣೆ ಕೊಟ್ಟಿದ್ದಾಳೆ." ಸಾಕ್ಷಿ ಬಂದಿದೆ, ಅದು ಏನು ಮಾಡುತ್ತದೆ ಎಂಬುದು ಬಂದಿಲ್ಲ. ಏಳನೇ ತರಗತಿಯ ಕೊನೆಗೆ ನಾವು ನಿರೀಕ್ಷಿಸಬೇಕಾದ ಉತ್ತರ ಇಂಥದು: "ಒಂದು ಜಾಗದಲ್ಲಿ ಇರಲು ಒಪ್ಪಿದವರು ಆ ಜಾಗದ ಕಷ್ಟವನ್ನೂ ಒಪ್ಪಿರುತ್ತಾರೆ ಎಂದು ಅಕ್ಕ ಹೇಳುತ್ತಾಳೆ. 'ಮನೆಯ ಮಾಡಿ' ಎಂದು ಮೂರು ಸಲ ಹೇಳಿರುವುದರಿಂದ ಅಲ್ಲಿ ಮನೆ ಕಟ್ಟಿದವರು ನಾವೇ ಎಂಬುದು ಸ್ಪಷ್ಟವಾಗುತ್ತದೆ. ಮೊದಲೆರಡು ಸಾಲುಗಳಲ್ಲಿ 'ಅಂಜಿದಡೆ' ಎಂದವಳು ಸಂತೆಯ ಸಾಲಿನಲ್ಲಿ 'ನಾಚಿದಡೆ' ಎನ್ನುತ್ತಾಳೆ, ಏಕೆಂದರೆ ಜನರ ಮಾತಿಗೆ ನಮಗಾಗುವುದು ನಾಚಿಕೆ. ಅಲ್ಲಿಂದ ಸ್ತುತಿನಿಂದೆಗಳ ಮಾತಿಗೆ ಹೋಗುವುದು ಸುಲಭವಾಗುತ್ತದೆ."

ಈ ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದು ಯಾವುದಕ್ಕೆ ಎಷ್ಟು ಅಂಕ ಕೊಡುತ್ತೀರಿ, ಏಕೆ ಎಂದು ಮಕ್ಕಳನ್ನೇ ಕೇಳಿ. ಅಂಕ ಕೊಡುವ ಸ್ಥಾನದಲ್ಲಿ ಕುಳಿತಾಗ ಅವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಆಮೇಲೆ ಒಂದು ನಿಯಮವನ್ನು ಇಡೀ ವರ್ಷಕ್ಕೆ ಜಾರಿಗೆ ತನ್ನಿ: "ಸ್ವಾರಸ್ಯಪೂರ್ಣವಾಗಿ", "ಮನಮುಟ್ಟುವಂತೆ", "ಅದ್ಭುತವಾಗಿ" ಎಂಬ ಪದಗಳನ್ನು ಬಳಸಬಾರದು. ಇದು ಕಟುವಾದ ನಿಯಮವೆನಿಸಬಹುದು. ಆದರೆ ಆ ಪದಗಳ ಬಾಗಿಲು ಮುಚ್ಚಿದರೆ ಮಾತ್ರ ಮಗು ಪಠ್ಯದ ಕಡೆ ತಿರುಗುತ್ತದೆ.

ಆರನೆಯ ಹಂತ: ಗದ್ಯ ಮತ್ತು ಪಾತ್ರಗಳು

ಕಥೆಯಲ್ಲಿ ಮಕ್ಕಳು ಘಟನೆಗಳನ್ನು ಹೇಳಬಲ್ಲರು. ಹೇಳದೆ ಬಿಟ್ಟದ್ದನ್ನು ಓದುವುದು ಅವರಿಗೆ ಕಷ್ಟ. ಅಭ್ಯಾಸಕ್ಕಾಗಿ ಮೂರ್ನಾಲ್ಕು ವಾಕ್ಯಗಳ ತುಣುಕನ್ನು ಶಿಕ್ಷಕರೇ ಬರೆದುಕೊಳ್ಳಬಹುದು. ಉದಾಹರಣೆಗೆ:

"ಅಜ್ಜಿ ಅಂಗಳದ ತುದಿಯಲ್ಲಿ ನಿಂತು ರಸ್ತೆಯ ಕಡೆ ನೋಡಿದಳು. ಸಂಜೆಯ ಬಸ್ಸು ಬಂದು ಹೋಗಿ ಬಹಳ ಹೊತ್ತಾಗಿತ್ತು. 'ಈ ಮಳೆಗೆ ಬಸ್ಸು ತಡವಾಗಿರಬೇಕು' ಎನ್ನುತ್ತ ಒಳಗೆ ಬಂದವಳು ಎರಡು ಲೋಟಕ್ಕೆ ಕಾಫಿ ಸೋಸಿ, ಒಂದರ ಮೇಲೆ ತಟ್ಟೆ ಮುಚ್ಚಿಟ್ಟಳು."

ಅಜ್ಜಿ ಯಾರನ್ನೋ ಕಾಯುತ್ತಿದ್ದಾಳೆ ಎಂದು ಮಕ್ಕಳು ಕೂಡಲೇ ಹೇಳುತ್ತಾರೆ. ಯಾವ ಪದದಿಂದ ತಿಳಿಯಿತು ಎಂದು ಕೇಳಿ. ಎರಡು ಲೋಟ, ಮುಚ್ಚಿದ ತಟ್ಟೆ. ನಂತರದ ಪ್ರಶ್ನೆ ಇನ್ನಷ್ಟು ಆಳದ್ದು: ಬಸ್ಸು ಬಂದು ಹೋಗಿದೆ ಎಂದು ಕಥೆ ಹೇಳುತ್ತದೆ, ಬಸ್ಸು ತಡವಾಗಿದೆ ಎಂದು ಅಜ್ಜಿ ಹೇಳುತ್ತಾಳೆ, ಇವರಲ್ಲಿ ಯಾರ ಮಾತು ಸರಿ? ನಿರೂಪಕರ ಮಾತಿಗೂ ಪಾತ್ರದ ಮಾತಿಗೂ ಇರುವ ಅಂತರ ಈ ಒಂದು ಪ್ರಶ್ನೆಯಿಂದ ಆರನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಅಜ್ಜಿ ಸುಳ್ಳು ಹೇಳುತ್ತಿದ್ದಾಳೆಯೇ, ಅವಳಿಗೆ ಗೊತ್ತಿಲ್ಲವೇ, ಅಥವಾ ಗೊತ್ತಿದ್ದೂ ಒಪ್ಪಲು ಮನಸ್ಸಿಲ್ಲವೇ ಎಂಬ ಚರ್ಚೆ ತಾನಾಗಿಯೇ ಬೆಳೆಯುತ್ತದೆ. ಬರಬೇಕಾದವರು ಮಗನೋ ಮೊಮ್ಮಗಳೋ ಎಂದು ಊಹಿಸತೊಡಗಿದರೆ ಅಲ್ಲಿ ತಡೆಯಿರಿ. ತುಣುಕಿನಲ್ಲಿ ಅದಕ್ಕೆ ಆಧಾರವಿಲ್ಲ. ಬರಿಯ ಊಹೆಗೂ ಪಠ್ಯದ ಆಧಾರದಿಂದ ಮಾಡುವ ತೀರ್ಮಾನಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ದೊಡ್ಡ ಕಥೆ ಅಥವಾ ನಾಟಕದ ಪಾಠಗಳಿಗೆ ತಾಳಮದ್ದಳೆಯ ಕ್ರಮ ಬಹಳ ಒಪ್ಪುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯವನ್ನು ಆಧಾರವಾಗಿಟ್ಟುಕೊಂಡು ತಮ್ಮ ಪಾತ್ರದ ಪರವಾಗಿ ವಾದಿಸುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಅನೇಕ ಮಕ್ಕಳು ಇದನ್ನು ಕಂಡು ಬಲ್ಲರು. ಪಾಠದ ಎರಡು ಪಾತ್ರಗಳನ್ನು ಇಬ್ಬರು ಮಕ್ಕಳಿಗೆ ಹಂಚಿ, "ನೀನು ಹಾಗೇಕೆ ಮಾಡಿದೆ?" ಎಂದು ಒಬ್ಬರು ಇನ್ನೊಬ್ಬರನ್ನು ಕೇಳಲಿ. ಪಾಠದಲ್ಲಿ ಇಲ್ಲದ ಸಂಗತಿಯನ್ನು ಯಾರಾದರೂ ತಂದರೆ ಕುಳಿತ ಮಕ್ಕಳು "ಯಾವ ಪುಟ?" ಎಂದು ಕೇಳಬಹುದು. ಈ ಒಂದು ಪ್ರಶ್ನೆಯಿಂದ ಆಟದ ಉತ್ಸಾಹವೂ ಸಾಕ್ಷಿಯ ಶಿಸ್ತೂ ಒಟ್ಟಿಗೆ ಉಳಿಯುತ್ತವೆ.

ಏಳನೆಯ ಹಂತ: ಪುಸ್ತಕ ಮುಚ್ಚಿ ಓದುವ ಅಭ್ಯಾಸ

ಈಗ ಅಧ್ಯಯನದ ಮಾತು. ನಮ್ಮ ಮನೆಗಳಲ್ಲಿ ಓದುವುದೆಂದರೆ ಪುಸ್ತಕ ಹಿಡಿದು ಅದೇ ಪಾಠವನ್ನು ಮತ್ತೆ ಮತ್ತೆ ಓದುವುದು ಎಂದಾಗಿದೆ. ಹಾಗೆ ಓದುವಾಗ ಸಾಲುಗಳು ಪರಿಚಿತವಾಗುತ್ತವೆ, ಪರಿಚಯವನ್ನೇ ಮಗು ಕಲಿಕೆಯೆಂದು ತಿಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವನ್ನು ಮತ್ತೆ ಓದಿದರು, ಇನ್ನೊಂದು ಗುಂಪಿನವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಫಲ ಕೊಟ್ಟಂತೆ ಕಂಡು ಆಮೇಲೆ ಕೈಕೊಡುವುದು ಏಕೆಂದು ಇದರಿಂದ ತಿಳಿಯುತ್ತದೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ವಿಧಾನಗಳನ್ನು ಪರಿಶೀಲಿಸಿದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೂ ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದಕ್ಕೂ ಹೆಚ್ಚಿನ ಉಪಯುಕ್ತತೆ ಕಂಡುಬಂದಿತು; ಮರು ಓದಿಗೂ ಅಡಿಗೆರೆ ಎಳೆಯುವುದಕ್ಕೂ ಕಡಿಮೆ. ಸಾಹಿತ್ಯ ಓದುವಾಗ ಪ್ರಶ್ನೆ ಕೇಳಲೆಂದು ಗೆರೆ ಎಳೆಯುವುದು ಬೇರೆ, ನೆನಪಿರಲೆಂದು ಇಡೀ ಪುಟಕ್ಕೆ ಗೆರೆ ಎಳೆಯುವುದು ಬೇರೆ ಎಂದು ಮಕ್ಕಳಿಗೆ ವಿವರಿಸಬೇಕು.

ಮಾಡುವ ಕ್ರಮ ಸರಳ. ಪಾಠವನ್ನು ಒಮ್ಮೆ ಗಮನವಿಟ್ಟು ಓದಿ ಪುಸ್ತಕ ಮುಚ್ಚಬೇಕು. ಖಾಲಿ ಹಾಳೆಯಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಬರೆಯಬೇಕು. ಬಳಿಕ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಿಂದ ಸೇರಿಸಬೇಕು. ಮುಂದಿನ ಸಲ ಓದಬೇಕಾದದ್ದು ಆ ಬೇರೆ ಬಣ್ಣದ ಭಾಗವನ್ನು ಮಾತ್ರ. ಮೊದಮೊದಲು ಹಾಳೆ ಮುಕ್ಕಾಲು ಪಾಲು ಖಾಲಿ ಉಳಿದಾಗ ಮಕ್ಕಳು ಎದೆಗುಂದುತ್ತಾರೆ. ನೆನಪಿಸಿಕೊಳ್ಳಲು ಪಡುವ ಆ ಕಷ್ಟದಿಂದಲೇ ಪಾಠ ಮನಸ್ಸಿನಲ್ಲಿ ನೆಲೆಯಾಗುತ್ತದೆ ಎಂದು ಅವರಿಗೆ ಮೊದಲೇ ಹೇಳಿರಬೇಕು, ತಂದೆತಾಯಿಯರಿಗೂ ಹೇಳಿರಬೇಕು. ಪದಗಳ ಅರ್ಥ, ವ್ಯಾಕರಣ, ಕವಿ ಪರಿಚಯಗಳಿಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದ ಚೀಟಿಗಳು ಸಾಕು: ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಸರಿಯಾದವು ಒಂದು ಡಬ್ಬಿಗೆ, ತಪ್ಪಿದವು ಇನ್ನೊಂದಕ್ಕೆ. ತಪ್ಪಿದವನ್ನು ನಾಳೆಯೇ, ಸರಿಯಾದವನ್ನು ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ನೋಡಬೇಕು. ಕಾಲ ಸರಿದಂತೆ ಮರೆವು ಹೇಗೆ ಬೆಳೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ದಾಖಲಿಸಿದ್ದ. ಮೊದಲ ದಿನವೇ ಮರೆವು ಹೆಚ್ಚು, ಆಮೇಲೆ ನಿಧಾನ.

ಕಂಠಪಾಠವನ್ನು ಕೆಲವರು ಹಳೆಯ ಪದ್ಧತಿಯೆಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಪದ್ಯ ಬಾಯಿಗೆ ಬಂದ ಮಗು ಪುಸ್ತಕವಿಲ್ಲದೆಯೂ ಸಾಕ್ಷಿ ಕೊಡಬಲ್ಲದು. ಆದರೆ ಗೈಡಿನ ಸಾರಾಂಶವನ್ನು ಕಂಠಪಾಠ ಮಾಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮಲೆನಾಡಿನ ವರ್ಷಕ್ಕೆ ಹೊಂದಿಸುವುದು

ಬೇರೆ ಕಡೆಗಾಗಿ ಸಿದ್ಧವಾದ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ, ಆಗಸ್ಟ್‌ಗಳಲ್ಲಿ ಮಳೆ ರಜೆ ಹಠಾತ್ತನೆ ಬರುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ, ಹಳ್ಳ ದಾಟಿ ಬರುವ ಮಕ್ಕಳು ರಜೆ ಇಲ್ಲದ ದಿನವೂ ತಪ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಜೂನ್ ಕೊನೆಗೇ ಪ್ರತಿ ಮಗುವಿಗೂ ಒಂದು ಮಳೆ ರಜೆಯ ಹಾಳೆ ಕೊಟ್ಟಿರಬೇಕು. ಅದರಲ್ಲಿ ಈಗಾಗಲೇ ಮುಗಿದ ಪಾಠಗಳ ಮೇಲೆ ಪುಸ್ತಕ ನೋಡದೆ ಉತ್ತರಿಸಬೇಕಾದ ಪ್ರಶ್ನೆಗಳಿರಬೇಕು, ಹೊಸ ಪಾಠ ಬೇಡ. ರಜೆಯ ಅಂತರವೇ ಆಗ ಹಂಚಿಕೆಯ ಓದಿಗೆ ಅನುಕೂಲವಾಗುತ್ತದೆ. ಮೊಬೈಲಿಗೆ ಪಾಠ ಕಳುಹಿಸುವುದನ್ನು ಈ ದಿನಗಳಲ್ಲಿ ನೆಚ್ಚಿಕೊಳ್ಳಬಾರದು. ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಮಳೆಯಲ್ಲಿ ಮಕ್ಕಳು ಹತ್ತಬಾರದು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ತರಗತಿಯಲ್ಲಿ ಯಾರ ಮಾತೂ ಕೇಳುವುದಿಲ್ಲ, ಆ ಹೊತ್ತನ್ನು ನೆನಪಿನಿಂದ ಬರೆಯುವ ಕೆಲಸಕ್ಕೆ ಮೀಸಲಿಡುವುದು ಒಳ್ಳೆಯದು. ವಾಚನ ಮತ್ತು ಚರ್ಚೆಯ ಪಾಠಗಳನ್ನು ಮಳೆ ಬಿಟ್ಟ ದಿನಗಳಿಗೆ ಇಟ್ಟುಕೊಳ್ಳಿ.

ದಸರಾ ರಜೆ ಮುಗಿದ ಮೇಲೆ ಅಡಿಕೆ ಕೊಯ್ಲು ಆರಂಭವಾಗುತ್ತದೆ. ರಾತ್ರಿಯವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಮನೆಗಳಲ್ಲಿ ಮಗುವಿಗೆ ಎರಡು ಗಂಟೆಯ ನಿಶ್ಶಬ್ದ ಸಿಗಬೇಕೆಂದು ಹೇಳುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷ, ಜಗಲಿಯ ಒಂದು ನಿಶ್ಚಿತ ಜಾಗ, ಇಷ್ಟನ್ನು ಮನೆಯವರಿಂದ ಕೇಳಿ ಪಡೆಯಬಹುದು. ಅಡಿಕೆ ಸುಲಿಯುತ್ತ ಕುಳಿತ ಅಜ್ಜಿಗೋ ಅಮ್ಮನಿಗೋ ಮಗು ಆ ದಿನದ ಪದ್ಯ ಹೇಳಿ ಅರ್ಥ ವಿವರಿಸಲಿ. ಕೇಳುವವರಿಗೆ ಓದು ಬರಬೇಕೆಂದಿಲ್ಲ. "ಅದ್ಯಾಕೆ ಹಾಗೆ ಹೇಳಿದ್ಲು ಮಗಾ?" ಎಂದು ಅವರು ಕೇಳಿದರೆ ಮಗು ಉತ್ತರ ಹುಡುಕುತ್ತದೆ.

ಬಿಡುವಿದ್ದ ದಿನಗಳಲ್ಲಿ ಪ್ರವಾಸವನ್ನೂ ಓದಿಗೆ ಜೋಡಿಸಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಈಗ ಸಂಗ್ರಹಾಲಯವಾಗಿದೆ. ಅಲ್ಲಿಗೆ ಹೋಗುವ ಮುನ್ನ ಅವರ ಒಂದು ಪ್ರಕೃತಿ ವರ್ಣನೆಯನ್ನು ತರಗತಿಯಲ್ಲಿ ಓದಿ, ಕವಿಶೈಲದ ಮೇಲೆ ಕುಳಿತು ವರ್ಣನೆಯಲ್ಲಿ ಇರುವುದಕ್ಕೂ ತಾವು ಕಾಣುತ್ತಿರುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಬರೆಯಲಿ. ಫೋಟೊ ತೆಗೆದು ಹಿಂತಿರುಗುವ ಪ್ರವಾಸಕ್ಕಿಂತ ಇದು ಹೆಚ್ಚು ಕಾಲ ಉಳಿಯುತ್ತದೆ.

ತಿದ್ದುವುದು ಮತ್ತು ಬೆಳವಣಿಗೆಯನ್ನು ನೋಡುವುದು

ಉತ್ತರಗಳನ್ನು ತಿದ್ದುವಾಗ ಎಲ್ಲ ತಪ್ಪುಗಳಿಗೂ ಕೆಂಪು ಶಾಯಿ ಬೇಡ. ಒಂದು ಸಲಕ್ಕೆ ಒಂದೇ ಅಂಶ: ಈ ವಾರ ಸಾಕ್ಷಿ ಇದೆಯೇ ಎಂದು ಮಾತ್ರ, ಮುಂದಿನ ವಾರ ವಿವರಣೆ ಇದೆಯೇ ಎಂದು ಮಾತ್ರ. ಕಾಗುಣಿತವನ್ನು ಪ್ರತ್ಯೇಕವಾಗಿ ನೋಡಿ. ಕಾಗುಣಿತಕ್ಕೆ ಹೆದರುವ ಮಗು ತನಗೆ ಬರೆಯಲು ಬರುವ ಪದಗಳಲ್ಲಿ ಮಾತ್ರ ಯೋಚಿಸುತ್ತದೆ. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ನಡುವೆಯೇ ನಡೆಸುವ ಮೌಲ್ಯಮಾಪನದ, ಚಟುವಟಿಕೆಗಳಲ್ಲಿ ಜೋಡಿ ವಾಚನ, ಪಾತ್ರವಾದ, ನೆನಪಿನ ಹಾಳೆ ಇವುಗಳನ್ನೇ ಸೇರಿಸಿದರೆ ಬೇರೆ ದಾಖಲೆಗಾಗಿ ಹೆಚ್ಚುವರಿ ಕೆಲಸ ಮಾಡಬೇಕಾಗುವುದಿಲ್ಲ.

ಜೂನ್‌ನಲ್ಲಿ, ಯಾವ ಪಾಠವನ್ನೂ ಮಾಡುವ ಮೊದಲು, ಮಕ್ಕಳು ಎಂದೂ ಓದಿರದ ಒಂದು ಚಿಕ್ಕ ಪದ್ಯವನ್ನು ಕೊಟ್ಟು "ಇದರಲ್ಲಿ ನಿಮಗೆ ಮುಖ್ಯವೆನಿಸಿದ್ದನ್ನು ಬರೆಯಿರಿ" ಎಂದು ಬರೆಯಿಸಿ, ಆ ಹಾಳೆಗಳನ್ನು ಜೋಪಾನವಾಗಿಡಿ. ಫೆಬ್ರವರಿಯಲ್ಲಿ ಅಷ್ಟೇ ಕಷ್ಟದ ಇನ್ನೊಂದು ಅಪರಿಚಿತ ಪದ್ಯ ಕೊಟ್ಟು ಅದೇ ಪ್ರಶ್ನೆ ಕೇಳಿ. ಎರಡೂ ಹಾಳೆಗಳನ್ನು ಮಗುವಿನ ಕೈಗೆ ಕೊಟ್ಟು, ಸಾಕ್ಷಿ ಇರುವ ವಾಕ್ಯಗಳಿಗೆ ಮಾತ್ರ ಗೆರೆ ಎಳೆಯಲು ಹೇಳಿ. ಬೆಳವಣಿಗೆ ಎಷ್ಟಾಗಿದೆ ಎಂಬುದನ್ನು ಮಗುವೇ ಎಣಿಸಿ ಹೇಳುತ್ತದೆ. ನಮ್ಮ ಹಳ್ಳಿಗಳ ಅನೇಕ ಶಾಲೆಗಳು ಏಳನೇ ತರಗತಿಗೆ ಮುಗಿಯುವುದರಿಂದ ಮಕ್ಕಳು ಎಂಟಕ್ಕೆ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಸೇರುತ್ತಾರೆ, ಅಲ್ಲಿನ ಶಿಕ್ಷಕರಿಗೆ ಅವರ ಬಗ್ಗೆ ತಿಳಿಯುವುದು ಅಂಕಪಟ್ಟಿಯಿಂದ ಮಾತ್ರ. ವರ್ಗಾವಣೆ ಪತ್ರದ ಜೊತೆಗೆ ಈ ಎರಡು ಹಾಳೆಗಳನ್ನೂ ಕಳುಹಿಸಿದರೆ, ಯಾವ ಮಗು ಸಾಕ್ಷಿ ಕೊಡುವುದನ್ನು ಕಲಿತಿದೆ, ಯಾವ ಮಗುವಿಗೆ ವಿವರಣೆಯಲ್ಲಿ ಇನ್ನೂ ಸಹಾಯ ಬೇಕು ಎಂಬುದು ಮೊದಲ ವಾರದಲ್ಲೇ ಹೊಸ ಶಿಕ್ಷಕರಿಗೆ ತಿಳಿಯುತ್ತದೆ.